ಕೋಳಿಯ ಕೆಳಗಿನ ಕತ್ತರಿ

ಕತ್ತರಿ ಈಗ ಎಲ್ಲಿದೆ ಎಂದು ನನಗೆ ಗೊತ್ತಾದದ್ದು ಕಾವಿಗೆ ಕೂತ ಕೋಳಿಯನ್ನು ಎತ್ತಿದ ಮೇಲೆ. ನಮ್ಮತ್ತೆ ನೀರು ತರಲು ಹೋಗಿದ್ದರು. ಹೋಗುವಾಗ, ಕೋಳಿಯನ್ನು ಒಂದು ಗಳಿಗೆ ಕೆಳಗಿಳಿಸಿ ಕಾಳು ಹಾಕು ಎಂದು ನನಗೆ ಹೇಳಿದ್ದರು. ಎತ್ತಿ ನೋಡಿದರೆ, ಬುಟ್ಟಿಯ ಹೊಟ್ಟಿನ ಮೇಲೆ, ತತ್ತಿಗಳ ನಡುವೆ, ಕರಿ ಹಿಡಿಕೆಯ ದೊಡ್ಡ ಕತ್ತರಿ ಬಾಯಿ ಮುಚ್ಚಿಕೊಂಡು ಬಿದ್ದಿದೆ. ಅದು ನನ್ನ ನೆಗೆಣ್ಣಿಯದು, ಅಂದರೆ ನನ್ನ ಮೈದುನನ ಹೆಂಡತಿಯದು. ಮನೆಯಲ್ಲಿ ಎಷ್ಟೋ ತಿಂಗಳಿಂದ ನಾವು ಯಾರೂ ಅದರ ಸುದ್ದಿ ಎತ್ತುತ್ತಿರಲಿಲ್ಲ. ನನಗೆ ಮೊದಲು ನಗು ಬಂತು. ಆಮೇಲೆ ಎಂಥ ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಕೋಳಿ ಬೆದರಿ ರೆಕ್ಕೆ ಬಡಿಯತೊಡಗಿತು.

ನಮ್ಮದು ಮುನವಳ್ಳಿಯಲ್ಲಿ ಹಳೆಯ ಮಾಳಿಗೆ ಮನೆ. ನಾನು ಸವದತ್ತಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಕಪ್ಪೆ, ಕೋಳಿ, ಮನುಷ್ಯರ ಭ್ರೂಣದ ಚಿತ್ರಗಳನ್ನು ಹಲಗೆಯ ಮೇಲೆ ಬರೆದು ಒರೆಸುವುದು. ನೆಗೆಣ್ಣಿ ಸಾಲಹಳ್ಳಿಯವಳು, ರಾಮದುರ್ಗಕ್ಕೆ ಓಡಾಡಿ ಹೊಲಿಗೆ ಕಲಿತವಳು. ಮದುವೆಯಾಗಿ ಬಂದ ದಿನ ಟೆಂಪೋದಿಂದ ಎಲ್ಲಕ್ಕಿಂತ ಮೊದಲು ಇಳಿಸಿದ್ದು ಅವಳ ಹೊಲಿಗೆ ಯಂತ್ರವನ್ನು. ಪಡಸಾಲೆಯಲ್ಲಿ ಬಾಗಿಲ ಬೆಳಕು ಬೀಳುವ ಕಡೆ ಅದನ್ನು ಇಟ್ಟುಕೊಂಡು, ವರ್ಷ ತುಂಬುವುದರೊಳಗೆ ಓಣಿಯ ಹೆಂಗಸರನ್ನೆಲ್ಲ ತನ್ನ ಕಡೆ ಮಾಡಿಕೊಂಡಳು. ಬೈಲಹೊಂಗಲದ ಅಂಗಡಿಯಲ್ಲಿ ಅಸ್ತರು ತಂದವರೂ ಹೊಲಿಸಲು ಇವಳ ಹತ್ತಿರವೇ ಬರುತ್ತಿದ್ದರು. ಅಳತೆ ಪಟ್ಟಿ ಕೊರಳಿಗೆ ಬಿತ್ತೆಂದರೆ ಅವಳ ದನಿಯೇ ಬೇರೆ. ನನ್ನನ್ನೂ ಬಿಡುತ್ತಿರಲಿಲ್ಲ. "ಅಕ್ಕಾ, ಉಸಿರು ಬಿಗಿ ಹಿಡೀಬ್ಯಾಡ್ರಿ, ನಾ ಎಲ್ಲಾ ನೋಡೇನಿ," ಎಂದು ನಗುತ್ತಿದ್ದಳು.

ಕಿತ್ತೂರಿನ ಒಂದು ಮದುವೆಮನೆಯ ಜಂಪರುಗಳು ಅವಳ ಕೈಯಲ್ಲಿದ್ದಾಗ ಒಂದು ಸಂಜೆ ಗ್ರಹಣ ಹಿಡಿಯಿತು. ತಿಂಗಳು ತಪ್ಪಿದ್ದು ಅವಳಿಗೆ ಗೊತ್ತಿತ್ತು, ಆದರೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಒಳಕೋಣೆಯ ಕತ್ತಲಲ್ಲಿ ಕೂರಿಸುತ್ತಾರೆ, ಮದುವೆಮನೆಗೆ ಕೊಟ್ಟ ಮಾತು ಹೋಗುತ್ತದೆ ಎಂಬ ಲೆಕ್ಕ. ಬಸುರಿ ಗ್ರಹಣದ ಹೊತ್ತಿನಲ್ಲಿ ಕತ್ತರಿ, ಸೂಜಿ, ಈಳಿಗೆ ಮುಟ್ಟಬಾರದು ಎನ್ನುವುದು ನಮ್ಮ ಕಡೆ ಹಸುಗೂಸಿಗೂ ಗೊತ್ತಿರುವ ಮಾತು. ಅವಳು ಬಾಗಿಲು ಓರೆ ಮಾಡಿಕೊಂಡು ತೋಳು, ಬೆನ್ನು, ಎದೆಯ ಕಟೋರಿ ಕತ್ತರಿಸುತ್ತಾ ಕೂತಳು. ಕೆಲವು ವಾರಗಳ ಮೇಲೆ ರಕ್ತ ಕಾಣಿಸಿತು, ಬೈಲಹೊಂಗಲದ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಮನೆಗೆ ಬಂದ ಮೇಲೆ ಅವಳೇ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಹೇಳಿದಳು, "ಅತ್ತೀ, ನಾ ಗ್ರಹಣದಾಗ ಕತ್ತರಿ ಹಿಡದಿದ್ದೆರಿ." ಯಾರೂ ಕೇಳಿರಲಿಲ್ಲ. ತಾನಾಗಿಯೇ ಹೇಳಿದಳು.

ಮರುವರ್ಷ ಇನ್ನೊಂದು ಹೋಯಿತು. ಆ ಸಲ ಗ್ರಹಣವೂ ಇರಲಿಲ್ಲ, ಏನೂ ಇರಲಿಲ್ಲ. ಇನ್ನಾದರೂ ಈ ಮಾತು ನಿಂತೀತು ಎಂದುಕೊಂಡೆ. ಎಲ್ಲಿಂದ ನಿಲ್ಲುತ್ತದೆ? ಹಳೇ ಪೆಟ್ಟು ಒಳಗೇ ಉಳಿದಿದೆ ಎಂದರು. ಅತ್ತೆ ಕತ್ತರಿಯನ್ನು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು, ಯಂತ್ರಕ್ಕೆ ಹಳೆಯ ಚಾದರ ಸುತ್ತಿ ಮೂಲೆಗೆ ಸರಿಸಿದರು. ಬೈದಿದ್ದರೆ ನಾನು ಸೆರಗು ಬಿಗಿದು ಜಗಳಕ್ಕೆ ನಿಲ್ಲುತ್ತಿದ್ದೆ. ಆದರೆ ಅವರು ಬೈಯಲಿಲ್ಲ. ದಿನಾ ಅವಳ ತಲೆಗೆ ಎಣ್ಣೆ ಹಚ್ಚಿದರು, ಮೆಂತೆ ಉಂಡೆ ಕಟ್ಟಿಕೊಟ್ಟರು, ಭಾರದ ಕೊಡ ಎತ್ತಲು ಬಿಡಲಿಲ್ಲ. ಅಷ್ಟು ಅಂತಃಕರಣದಿಂದ ಮಾಡುವವರ ಜೊತೆ ಏನೆಂದು ಜಗಳವಾಡುವುದು! ಮೈದುನ ಟೆಂಪೋ ಓಡಿಸುವವನು, ಅವನಿಗೆ ಯಾವ ಮಾತೂ ತಿಳಿಯದು, ಸಂಜೆ ಹಣ್ಣು ತಂದಿಟ್ಟು ಸುಮ್ಮನೆ ಕೂರುತ್ತಿದ್ದ. ನೆಗೆಣ್ಣಿ ಮಾತ್ರ ಚಾದರ ಸುತ್ತಿದ ಯಂತ್ರದಿಂದ ದೂರ ಸರಿದು ಓಡಾಡುತ್ತಿದ್ದಳು. ಅದರ ಮೇಲೆ ಕೈ ಕೂಡ ಇಡುತ್ತಿರಲಿಲ್ಲ.

ಗೋಡೆಯ ಮೇಲೆ ಬುದ್ಧನ ಪಟ. ಭಾನುವಾರ ಭಾನುವಾರ ಬುದ್ಧವಿಹಾರಕ್ಕೆ ಹೋಗಿ, ಮೂಢನಂಬಿಕೆ ಬಿಡಿ ಎಂಬ ಭಾಷಣಕ್ಕೆ ಎಲ್ಲರಿಗಿಂತ ಮುಂದೆ ಕೂತು ಚಪ್ಪಾಳೆ ತಟ್ಟಿ ಬರುವವರು ನಮ್ಮತ್ತೆಯೇ. "ಚಪ್ಪಾಳಿ ಯಾಕ ತಟ್ಟತೀರಿ ಹಂಗಾರ?" ಎಂದು ಒಮ್ಮೆ ಕೇಳಿದ್ದೆ. "ಅವ್ರು ಅಷ್ಟ ದೂರದಿಂದ ಬಂದಿರತಾರಲವಾ," ಎಂದಿದ್ದರು.

ಬೆಳಗಾವಿಯ ಡಾಕ್ಟರು ನೆಗೆಣ್ಣಿ, ಮೈದುನ ಇಬ್ಬರನ್ನೂ ಪರೀಕ್ಷೆ ಮಾಡಿ, ಯಾವ ದೋಷವೂ ಇಲ್ಲ, ಇಂಥವು ಆಗುತ್ತಿರುತ್ತವೆ ಎಂದು ಕಳಿಸಿದ್ದರು. ಸರಿಯಾದ ಮಾತೇ. ಆದರೆ ಆಗುತ್ತಿರುತ್ತವೆ ಎಂಬುದನ್ನು ಹೆಂಗಸು ಮನೆಗೆ ತಂದು ಎಲ್ಲಿ ಇಟ್ಟುಕೊಳ್ಳಬೇಕು? ಗ್ರಹಣವಾದರೆ ಒಂದು ಕಾರಣ ಕೊಡುತ್ತದೆ, ಅದಕ್ಕೆ ಹಿಡಿಕೆಯಿದೆ, ಬಾಯಿದೆ, ಟ್ರಂಕಿನಲ್ಲಿಟ್ಟು ಬೀಗ ಹಾಕಬಹುದು. ಹಾಗಾಗಿ ಅವಳು ಡಾಕ್ಟರನ್ನು ಬಿಟ್ಟು ಗ್ರಹಣವನ್ನೇ ನಂಬಿದಳು.

ಇಂಥ ಕತ್ತರಿ ಈಗ ಕೋಳಿಯ ಕೆಳಗಿತ್ತು. ಅತ್ತೆ ಕೊಡ ಹೊತ್ತು ಬಂದರು. ನಾನು ಹೊಸ್ತಿಲಲ್ಲೇ ನಿಂತು ಕೇಳಿದೆ.

"ಅತ್ತೀ, ಇದೇನ್ರಿ ಇದು? ಕತ್ತರಿ, ಕೋಳಿ ಕೆಳಗ?"

"ರೋಹಿಣಿ ಮಳಿ ಗುಡುಗಾಕ ಹತ್ತೇತಿ, ಕೇಳಸವಲ್ದೇನ ನಿನಗ? ಬುಟ್ಟ್ಯಾಗ ಕಬ್ಬಿಣ ಇಲ್ಲಂದ್ರ ಗುಡುಗಿಗೆ ತತ್ತಿ ಕೆಡತಾವ. ಮುರುಕ ಕುಡಗೋಲ ಇಡತಿದ್ದೆ, ಎಲ್ಲಿ ಹೋತೋ ಏನೋ. ಇದಾದ್ರ ಟ್ರಂಕಿನ್ಯಾಗ ಸುಮ್ನ ಬಿದ್ದಿತ್ತು."

"ಅಂದ್ರ, ತತ್ತಿ ಹತ್ರ ಕಬ್ಬಿಣ ಇದ್ರ ಮರಿ ಉಳೀತಾವ. ಬಸುರಿ ಕೈಯಾಗ ಅದ ಕಬ್ಬಿಣ ಇದ್ರ ಕೂಸು ಹೋಗತೈತಿ. ಹೌದಲ್ರಿ?"

ಅತ್ತೆ ಕೊಡ ಇಳಿಸಿ ಸೆರಗಿನಿಂದ ಕತ್ತು ಒರೆಸಿಕೊಂಡರು. "ಕೋಳಿ ಬ್ಯಾರೆ, ಮನಷ್ಯಾರು ಬ್ಯಾರೆ. ಇಷ್ಟೂ ಕಲಿಸಿಲ್ಲೇನ ನಿನಗ ಕಾಲೇಜಿನ್ಯಾಗ?"

ಕಲಿಸಿದ್ದರು, ಆದರೆ ಅತ್ತೆ ಹೇಳಿದ್ದಕ್ಕೆ ತೀರ ಎದುರಾಗಿ. ಕೋಳಿ, ಮೀನು, ಕಪ್ಪೆ, ಮನುಷ್ಯ, ಎಲ್ಲರೂ ಒಂದೇ ಜೀವಕೋಶದಿಂದ ಶುರುವಾಗುತ್ತಾರೆ. ಆ ಒಂದು ಕೋಶ ಬೆಳೆಯುವ ಗೋಜಿಗೆ ಹೋಗದೆ ಮೊದಲು ತನ್ನನ್ನು ತಾನೇ ಸೀಳಿಕೊಳ್ಳುತ್ತದೆ, ಎರಡು, ನಾಲ್ಕು, ಎಂಟು ಎಂದು. ಕೋಳಿಯಲ್ಲಂತೂ ತತ್ತಿ ಹೊರಗೆ ಬೀಳುವ ಮೊದಲೇ, ಕೋಳಿ ಕೂಗಿ ಊರಿಗೆಲ್ಲ ಸುದ್ದಿ ಹೇಳುವ ಮೊದಲೇ, ಈ ಕೆಲಸ ಬಹಳ ದೂರ ಸಾಗಿರುತ್ತದೆ. ಈ ಸೀಳುವ ಪದ್ಧತಿ ಎಷ್ಟು ಹಳೆಯದೆಂದರೆ, ಪ್ರಾಣಿಗಳೆಂಬ ಪ್ರಾಣಿಗಳೇ ಇಲ್ಲದ ಕಾಲದಲ್ಲೂ ನೀರಿನ ಏಕಕೋಶ ಜೀವಿಗಳಿಗೆ ಇದು ಗೊತ್ತಿದ್ದಿರಬಹುದು ಎಂದು ತಿಳಿದವರು ಹೇಳುತ್ತಾರೆ. ಇದನ್ನೆಲ್ಲ ನಾನು ವರ್ಷವರ್ಷ ಊರ ಮಕ್ಕಳಿಗೆ ಹೇಳಿ, ಪರೀಕ್ಷೆ ಬರೆಸಿ, ಪಾಸು ಮಾಡಿಸುತ್ತಿದ್ದೆ. ನನ್ನದೇ ಪಡಸಾಲೆಯಲ್ಲಿ ಒಬ್ಬಳು ತನ್ನ ಕೈಗೆ ತಾನೇ ಹೆದರಿಕೊಂಡು ಕೂತಿದ್ದಳು. ಕತ್ತರಿಯನ್ನು ನಾನೇ ಎತ್ತಿ ಅವಳ ಕೈಗೆ ಕೊಡಬಹುದಿತ್ತು, ಆದರೆ ಅವಳು ಬೆಂಕಿ ಮುಟ್ಟಿದ ಹಾಗೆ ಕೆಳಗೆ ಹಾಕುತ್ತಿದ್ದಳು ಅಷ್ಟೆ. ಅವಳೇ ಕೈ ಹಾಕಿ ತೆಗೆದುಕೊಳ್ಳಬೇಕು. ಅದಾಗುವವರೆಗೆ ಬಿಡುವುದಿಲ್ಲ ಎಂದು ಅವತ್ತೇ ಹಟ ತೊಟ್ಟೆ.

ಮೊದಲು ಅವಳನ್ನು ಕೋಳಿಯ ಹತ್ತಿರ ತರಬೇಕಿತ್ತು. ತತ್ತಿ ನೋಡುವುದರಲ್ಲಿ ಅತ್ತೆಯದು ಓಣಿಗೇ ಹೆಸರಾದ ಕೈ. ಮಾಳಿಗೆಯ ಬೆಳಕಿಂಡಿಯಿಂದ ಮಧ್ಯಾಹ್ನದ ಬಿಸಿಲು ಕೋಲಿನ ಹಾಗೆ ಅಡಿಗೆಮನೆಗೆ ಇಳಿಯುವಾಗ, ತತ್ತಿಯನ್ನು ಆ ಬೆಳಕಿಗೆ ಹಿಡಿದು ಒಳಗೆ ಜೀವ ಇದೆಯೋ ಇಲ್ಲವೋ ಹೇಳುತ್ತಾರೆ. "ನಮಗೂ ತೋರಸ್ರಿ, ನನ್ನ ಕಾಲೇಜ ಹುಡುಗರಿಗೆ ಹೇಳಾಕ ಬೇಕು," ಎಂದು ಉಬ್ಬಿಸಿದೆ. ಅತ್ತೆ ಹಿಗ್ಗಿದರು. ಎರಡೂ ಅಂಗೈ ಕೊಳವೆ ಮಾಡಿ ಒಂದು ತತ್ತಿಯನ್ನು ಬೆಳಕಿಗೆ ಎತ್ತಿದರು. ನಾನು ಹಿಂದಿನಿಂದ ಮೊಬೈಲಿನ ದೀಪವನ್ನೂ ಹಿಡಿದೆ. ಕೆಂಪು ಎಳೆಗಳು ಬೇರಿನ ಹಾಗೆ ಹರಡಿದ್ದವು, ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು.

ನೆಗೆಣ್ಣಿ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಬಂದೇ ಬಿಟ್ಟಳು. "ಅಯ್ಯ ಯವ್ವಾ, ಹೊಡಕೊಳ್ಳಾಕ ಹತ್ತೇತಿ!"

"ಎದಿ ಅದು. ಕಣ್ಣು ಮೂಗು ಆಮ್ಯಾಲೆ, ಎದಿ ಮೊದಲ," ಎಂದೆ.

"ಎಲ್ಲಾ ತತ್ತಿ ಒಡೀತಾವೇನ್ರಿ ಅತ್ತೀ?" ಎಂದು ಅವಳು ಕೇಳಿದಳು.

"ಎಲ್ಲಾ ಎಲ್ಲಿ ಒಡೀತಾವ? ಕೆಲವು ನಡುವ ನಿಲ್ತಾವ."

"ಯಾಕ್ರಿ?"

"ಯಾಕಂದ್ರ ಯಾಕ? ನಿಲ್ತಾವ. ಅದಕ್ಕೇನ ಕಾರಣ ಇರತೈತಿ?"

ಬೆಳಗಾವಿಯ ಡಾಕ್ಟರ ಮಾತೇ ಇದು! ನಾನು ತುಟಿ ಬಿಗಿ ಹಿಡಿದುಕೊಂಡೆ. ಆಗಲೇ ಅತ್ತೆಯ ಮೇಲೆ ಬಿದ್ದಿದ್ದರೆ ಗೆದ್ದಂತೆ ಅನಿಸುತ್ತಿತ್ತು, ಆದರೆ ಅವರು ಕೋಳಿ ಬೇರೆ ಎಂಬ ಹಳೆಯ ಹಾಡನ್ನೇ ಮತ್ತೆ ಎತ್ತುತ್ತಿದ್ದರು. ಅಲ್ಲದೆ ಗೆಲ್ಲಬೇಕಾದದ್ದು ಅತ್ತೆಯನ್ನಲ್ಲ.

ಕೆಲವು ದಿನ ಬಿಟ್ಟು ಒಂದು ಸಂಜೆ ಇಬ್ಬರೂ ಚಪಾತಿಗೆ ಕೂತಿದ್ದೆವು. ಕಣಕದ ಒಂದು ಉಂಡೆ ತೆಗೆದುಕೊಂಡು ಅವಳ ಮುಂದಿಟ್ಟೆ. "ಇದು ತತ್ತಿ ಅಂತ ತಿಳಕೋ. ಕೋಳೀದರ ಅನ್ನು, ನಂದರ ಅನ್ನು. ಒಂದ ಜೀವಕಣ." ಉಂಡೆಯನ್ನು ಎರಡು ಮಾಡಿದೆ, ನಾಲ್ಕು ಮಾಡಿದೆ, ಎಂಟು ಮಾಡಿ ಮತ್ತೆ ಒಂದಕ್ಕೊಂದು ಅಂಟಿಸಿ ಚೆಂಡು ಕಟ್ಟಿದೆ. "ಹಿಟ್ಟು ಹೆಚ್ಚಾತೇನ?"

"ಇಲ್ರಿ. ಹಿಟ್ಟು ಅಷ್ಟ ಐತಿ." ಸ್ವಲ್ಪ ಹೊತ್ತು ನೋಡಿದಳು. ಎಷ್ಟೋ ತಿಂಗಳ ಮೇಲೆ ಅವಳ ದನಿಯಲ್ಲಿ ಅಳತೆ ಪಟ್ಟಿ ಹಾಕಿಕೊಂಡಾಗಿನ ಖದರು ಬಂತು. "ಬಟ್ಟಿ ಕತ್ತರಿಸಿಧಂಗ ಅಲ್ರಿ ಇದು? ಬಟ್ಟಿ ತಾನು ಹೆಚ್ಚಾಗಂಗಿಲ್ಲ, ತುಂಡು ಹೆಚ್ಚಾಗತಾವ. ಯಾವ ತುಂಡು ತೋಳು, ಯಾವ ತುಂಡು ಬೆನ್ನು ಅಂತ ಆಮ್ಯಾಲೆ."

"ಅಗದೀ ಬರೋಬ್ಬರಿ. ತುಂಡಾದ ಮ್ಯಾಲೆ ಚೆಂಡು ಒಂದ ಕಡೆ ಒಳಗ ಮಡಚಿಕೋತೈತಿ. ಹೊರಗಿನ ಮಗ್ಗಲು ಚರ್ಮ, ಒಳಗ ಹೋಗಿದ್ದು ಕರುಳು."

"ತಲಿದಿಂಬಿನ ಚೀಲ ಒಳಗ ತಿರುವಿಧಂಗ."

ನನಗೆ ಎಷ್ಟು ಖುಷಿಯಾಯಿತೆಂದರೆ ತಡೆಯಲಾಗಲಿಲ್ಲ. ನನ್ನ ಹುಡುಗರಿಗೆ ಈ ಮಡಿಕೆ ತಿಳಿಸಲು ಎಷ್ಟು ಸುಣ್ಣದ ಕಡ್ಡಿ ಸವೆಸಿದ್ದೇನೋ! ಆ ಉಮೇದಿನಲ್ಲೇ ಮುಂದಕ್ಕೆ ಹೋದೆ. ಈ ಮೊದಲ ಕೆಲಸಕ್ಕೆಲ್ಲ ಕೂಸು ಹೊರಗಿನಿಂದ ಏನನ್ನೂ ಕೇಳುವುದಿಲ್ಲ, ತಾಯಿ ತತ್ತಿಯಲ್ಲೇ ಬುತ್ತಿ ಕಟ್ಟಿಟ್ಟಿರುತ್ತಾಳೆ, ಮೊದಲ ಕೆಲವು ದಿನ ಎಲ್ಲ ಆ ಬುತ್ತಿಯ ಮೇಲೇ ನಡೆಯುತ್ತದೆ ಎಂದು ಹೇಳಿದೆ. ಗ್ರಹಣ, ಕತ್ತರಿ ಇವೆಲ್ಲ ಎಷ್ಟು ಹೊರಗಿನವು ಎಂದು ತಿಳಿಯಲಿ ಎಂಬುದು ನನ್ನ ಉದ್ದೇಶ.

ಅವಳ ಕೈ ಕಣಕದಲ್ಲೇ ನಿಂತಿತು. "ಹಂಗಾರ ಬುತ್ತಿ ನಂದ ಕೆಟ್ಟಿತ್ತೇನ್ರಿ ಅಕ್ಕಾ?"

ಎದ್ದು ಹೋದಳು. ತವೆಯ ಮೇಲಿದ್ದ ಚಪಾತಿ ಸೀದು ಹೊಗೆ ಎದ್ದಿತು. ಗ್ರಹಣದ ಹೊರೆ ಇಳಿಸಲು ಹೋಗಿ ನಾನು ಅದಕ್ಕಿಂತ ಭಾರದ್ದನ್ನು ಹೊರಿಸಿದ್ದೆ. ಕತ್ತರಿಯಾದರೆ ಕೈಯಿಂದ ಕೆಳಗಿಡಬಹುದು, ಒಡಲನ್ನು ಎಲ್ಲಿಡುವುದು? ಶ್ಯಾಣ್ಯಾಕಿ ಎಂದು ಊರೆಲ್ಲ ಹೊಗಳುವ ಮೇಡಂ ನಾನು, ಸೀದ ಚಪಾತಿ ಕೆರೆಯುತ್ತಾ ಕೂತೆ. ಅಳು ಬಂತು, ಅದಕ್ಕಿಂತ ಹೆಚ್ಚು ರೋಷ ಬಂತು. ಇಲ್ಲಿಗೇ ಬಿಟ್ಟರೆ ಮುಗಿಯಿತು, ಅವಳು ಇನ್ನೆಂದೂ ಬಾಯಿ ಬಿಡುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಅದನ್ನೇ ಯೋಚಿಸಿದೆ. ಉತ್ತರ ನಾನು ಕಲಿಸುವ ಪಾಠದಲ್ಲೇ ಇತ್ತು, ಹೆಣ್ಣಿನ ಅಂಡಕೋಶಗಳ ಪುಟದಲ್ಲಿ. ಆ ಪುಟವನ್ನು ನಾವು ಹುಡುಗರ ಮುಂದೆ ಕತ್ತು ಬಗ್ಗಿಸಿ ಲಗುಲಗು ದಾಟಿಸಿಬಿಡುತ್ತೇವೆ. ಆದರೆ ಈ ಮಾತು ಅಡಿಗೆಮನೆಯಲ್ಲಿ ಹೇಳುವುದಲ್ಲ ಎನಿಸಿತು. ಅವಳು ಕಣ್ಣಿನಿಂದ ಅಳೆಯುವವಳು, ಕಣ್ಣಿಗೆ ಕಾಣುವಂಥದ್ದು ಏನಾದರೂ ಇರಬೇಕಿತ್ತು.

ಶನಿವಾರ ಅರ್ಧ ದಿನದ ಕಾಲೇಜು. "ಇಕಿನ್ನ ಸವದತ್ತಿಗೆ ಕರಕೊಂಡು ಹೋಗತೇನ್ರಿ," ಎಂದು ಅತ್ತೆಗೆ ಹೇಳಿದೆ. ಅವಳು ಒಲ್ಲೆ ಎಂದಳು. ಕೈ ಹಿಡಿದು ಎಳೆದುಕೊಂಡೇ ಹೋದೆ. ದಾರಿಯಲ್ಲಿ ನವಿಲುತೀರ್ಥದಲ್ಲಿ ಇಳಿದೆವು. ಅಣೆಕಟ್ಟಿನ ಕಾಲುವೆಯ ಬದಿಗೆ, ನೀರು ಹರಿಯದೆ ನಿಂತು ಹಸಿರಾದ ಒಂದು ತಗ್ಗಿತ್ತು. ಸೀರೆ ಎತ್ತಿ ಕಟ್ಟಿ ಬಾಟಲಿ ಮುಳುಗಿಸಿ ತುಂಬಿಕೊಂಡೆ. ಮುಂದಿನ ಬಸ್ಸಿನ ಕಂಡಕ್ಟರು ಬಾಟಲಿ ನೋಡಿ, "ಮೇಡಂ, ಇದನ್ನ ಕುಡೀತೀರೇನ್ರಿ?" ಎಂದ. "ಹೌದ್ರಿ, ನಿಮಗೂ ಬೇಕೇನು?" ಎಂದೆ. ನೆಗೆಣ್ಣಿ ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೆ ಹಿಡಿದಳು. ನಕ್ಕಳೆಂದೇ ನಾನು ತಿಳಿದುಕೊಂಡೆ.

ಹುಡುಗರು ಹೋದ ಮೇಲೆ ಲ್ಯಾಬಿನಲ್ಲಿ ನಾವಿಬ್ಬರೇ ಉಳಿದೆವು. ನೀರಿನ ಹನಿಯನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹನಿ ಮೇಲೆ ಹನಿ ಹಾಕಿದರೂ ಬರಿ ಕಸ ಕಾಣುತ್ತಿತ್ತು. ಸಾಕು ಬಿಡ್ರಿ ಎಂದು ಅವಳು ಬಾಗಿಲ ಕಡೆ ಹೊರಟಳು. "ಕುಂದ್ರು ಸುಮ್ನ," ಎಂದು ಗದರಿದೆ. ಕೊನೆಗೆ ಸಿಕ್ಕಿತು. ಗಾಜಿನ ಗೋಲಿಯಂಥ ಹಸಿರು ಚೆಂಡು, ನೀರಿನಲ್ಲಿ ಉರುಳುತ್ತಾ ಸಾಗಿತ್ತು, ಅದರ ಹೊಟ್ಟೆಯೊಳಗೆ ಇನ್ನೂ ಸಣ್ಣ ಚೆಂಡುಗಳು. ವಾಲ್ವಾಕ್ಸ್ ಅದರ ಹೆಸರು. ಅವಳನ್ನು ಎಳೆದು ಕೂರಿಸಿ ಕಣ್ಣು ಹಚ್ಚಿಸಿದೆ.

"ಇದು ನಮ್ಮ ಕುಲದ್ದಲ್ಲ, ಪಾಚಿ ಕುಲದ್ದು," ಎಂದು ಮೊದಲೇ ಹೇಳಿದೆ. ಸುಳ್ಳು ಹೇಳಿ ಅವಳನ್ನು ಗೆಲ್ಲುವುದು ನನಗೆ ಬೇಕಿರಲಿಲ್ಲ. "ನಮ್ಮ ಕುಲಕ್ಕ ಹತ್ತಿರದವು ಬ್ಯಾರೆ ಅದಾವ, ಒಂದ ಕಣದವು. ಅವೂ ಬೆಳದು, ಆಮ್ಯಾಲೆ ಹಂಗ ಹಂಗ ತಮ್ಮನ್ನ ತಾವ ಕತ್ತರಿಸ್ಕೊಂಡು ಚೆಂಡಾಗತಾವ, ಕೂಸಿನಂಗ. ನಾನೂ ಓದೇನಿ ಅಷ್ಟ, ಕಣ್ಲೆ ನೋಡಿಲ್ಲ. ಆದ್ರ ಇದೂ ಅದ ಕಸಬು ತಾನ ಬ್ಯಾರೆ ಕಲತೈತಿ. ಆ ಒಳಗಿನ ಮರಿ ಕಾಣತೈತಿ ಅಲ್ಲ? ಅದೂ ಒಂದ ಕಣ ಇತ್ತು. ಕತ್ತರಿಸ್ಕೋತ ಕತ್ತರಿಸ್ಕೋತ ಚೆಂಡಾತು, ಆಮ್ಯಾಲೆ ಚೀಲ ತಿರುವಿಧಂಗ ಒಳಗಿಂದು ಹೊರಗ ಮಾಡಿಕೋತು."

ಅವಳು ಕಣ್ಣು ತೆಗೆಯದೆ ಕೇಳುತ್ತಿದ್ದಳು. ನಾನು ಮುಂದುವರಿಸಿದೆ. "ಬುತ್ತಿ ಮಾತು ಕೇಳಿದ್ದಿ ಅಲ್ಲ ನೀನು. ನಿನ್ನ ತತ್ತಿ ಯಾವಾಗ ಆದವು, ಗೊತ್ತೇನ ನಿನಗ? ನೀ ನಿಮ್ಮವ್ವನ ಹೊಟ್ಟ್ಯಾಗಿದ್ದಾಗ. ಹುಟ್ಟೂಕಿಂತ ಮೊದಲ."

"ಏನಂತೀರಿ?"

"ಖರೇನ. ನಿಮ್ಮವ್ವನವು ನಿಮ್ಮಜ್ಜಿ ಹೊಟ್ಟ್ಯಾಗ. ತತ್ತಿ ಮಾಗೂ ಮುಂದ ಒಳಗಿನ ಎಳಿ, ಅಂದ್ರ ವರ್ಣತಂತು, ಹಂಚಿಕಿ ಆಗಬೇಕು, ಒಂದೊಂದ ಸಲ ಹಂಚಿಕಿ ತಪ್ಪತೈತಿ, ಒಂದ ಕಡೆ ಹೆಚ್ಚು, ಒಂದ ಕಡೆ ಕಡಿಮಿ. ಹಂಗಾದದ್ದು ಸ್ವಲ್ಪ ದೂರ ನಡದು ನಿಲ್ಲತೈತಿ. ಮೊದಲ ಮೊದಲ ಹೋಗೂವು ಭಾಳಷ್ಟು ಹಿಂಗ ಹೋಗತಾವ. ನಿಂದು ಇದರಿಂದನ ಹೋತು ಅಂತ ನಾ ಆಣಿ ಮಾಡಂಗಿಲ್ಲ, ಡಾಕ್ಟರೂ ಮಾಡಂಗಿಲ್ಲ. ಆದ್ರ ನಿನ್ನ ಕೈಯಾಗ ಇದ್ದ ಕೆಲಸ ಅಲ್ಲ ಇದು. ಬೈಬೇಕಂದ್ರ ಯಾರಿಗೆ ಬೈತಿ? ನಿಮ್ಮವ್ವಗ? ಅಜ್ಜಿಗೆ? ಹಿಂದಕ್ಕ ಹೋಗು, ಅಜ್ಜಿಯ ಅಜ್ಜಿ, ಆಕಿ ಅಜ್ಜಿ, ಮನಷ್ಯಾರು ಮುಗದು ಮೀನಿನಂಥವು ಬಂದ್ವು, ಅವೂ ಮುಗದು ನೀರಾಗಿನ ಒಂದ ಕಣ ಬಂತು. ಅದ ಮೊದಲ ಕತ್ತರಿಸ್ಕೊಳ್ಳಾಕ ಕಲತದ್ದು. ಅವತ್ತಿಂದ ತಪ್ಪತೈತಿ, ಅವತ್ತಿಂದ ಮುಂದೂ ನಡೀತೈತಿ. ಅದಕ್ಕ ಬೈಯಾಕ ಆಗತೈತೇನ?"

ಅವಳು ಗಾಜನ್ನು ಹೇಗೆ ಸರಿಸುವುದು ಎಂದು ಕೇಳಿ ತಾನೇ ಸರಿಸಿಕೊಂಡು ನೋಡತೊಡಗಿದಳು. ಎಷ್ಟೋ ಹೊತ್ತಾಯಿತು. ಹೊರಗೆ ಬಸ್ಸು ಬಂದು ಹೋಯಿತು, ನಾನು ಕರೆಯಲಿಲ್ಲ.

"ಅಕ್ಕಾ, ಇಲ್ಲೊಂದು ಚೆಂಡು ಐತಿ ನೋಡ್ರಿ. ಒಳಗಿನ ಮರಿ ಎಲ್ಲಾ ಹಸರು ಅದಾವ, ಒಂದ ಮರಿ ಅಷ್ಟ ಕಂದಾಗೇತಿ. ಅಳ್ಳಾಡವಲ್ದು."

ನೋಡಿದೆ. ಹೌದು, ಒಂದು ಮರಿ ಬೆಳೆಯುತ್ತಾ ಬೆಳೆಯುತ್ತಾ ನಿಂತುಬಿಟ್ಟಿತ್ತು. ದೊಡ್ಡ ಚೆಂಡು ಅದನ್ನೂ ಒಳಗಿಟ್ಟುಕೊಂಡೇ ಉರುಳುತ್ತಿತ್ತು.

"ಇದಕ್ಕ ಯಾವ ಗ್ರಹಣ ಹಿಡದಿತ್ರಿ?" ಎಂದಳು.

ಹಾಗೆ ಕೇಳಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಎರಡು ಸಲ ಆಸ್ಪತ್ರೆಯಿಂದ ಬಂದಾಗಲೂ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಆಗೆಲ್ಲ ತಪ್ಪು ಮಾಡಿದವಳ ಹಾಗೆ ಸದ್ದಿಲ್ಲದೆ ಅಳುತ್ತಿದ್ದಳು. ಈಗ ಮಕ್ಕಳನ್ನು ಕಳೆದುಕೊಂಡ ತಾಯಿಯ ಹಾಗೆ ಬಾಯಿ ಬಿಟ್ಟು ಅತ್ತಳು. ನಾನೂ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಅತ್ತೆ. ಆಮೇಲೆ ಇಬ್ಬರೂ ನಲ್ಲಿಯಲ್ಲಿ ಮುಖ ತೊಳೆದು, ಸ್ಟ್ಯಾಂಡಿನ ಹತ್ತಿರ ಗಿರಮಿಟ್ಟು ತಿಂದು, ಸಂಜೆಯ ಬಸ್ಸಿಗೆ ಮನೆಗೆ ಬಂದೆವು.

ಅವತ್ತೇ ಹೋಗಿ ಕತ್ತರಿ ತೆಗೆದುಕೊಳ್ಳುತ್ತಾಳೆ ಎಂದು ನಾನು ಕಾದೆ. ತೆಗೆದುಕೊಳ್ಳಲಿಲ್ಲ. ಮರುದಿನವೂ ಇಲ್ಲ. ಕೇಳಿದರೆ, "ಕೋಳಿ ಏಳಲಿ ತಡೀರಿ," ಎಂದಳು. ಬರೀ ಕೋಳಿಯ ಮೇಲಿನ ಕರುಣೆಯೋ, ಒಳಗೆ ಇನ್ನೂ ಅಂಜಿಕೆಯೋ ನನಗೆ ಬಗೆಹರಿಯಲಿಲ್ಲ. ಹಲ್ಲು ಕಚ್ಚಿ ಕಾದೆ.

ಮರಿಯಾದ ದಿನ ಬೆಳಿಗ್ಗೆ ಅತ್ತೆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಒದ್ದೆ ಮರಿಗಳನ್ನು ಒಂದೊಂದಾಗಿ ಸೆರಗಿನಲ್ಲಿ ತೆಗೆದುಕೊಂಡು ಮೊರದಲ್ಲಿ ಬಿಡುತ್ತಿದ್ದರು. ಮೊರದ ತುಂಬ ಚಿಲಿಪಿಲಿ. ಕೊನೆಗೆ ಬುಟ್ಟಿಯಲ್ಲಿ ಕೆಲವು ತತ್ತಿ ಹಾಗೇ ಉಳಿದವು. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು, ಒಳಗೆ ನೀರು ಕುಲುಕಿದ ಸದ್ದು. ಕೋಳಿಯ ಬೆನ್ನು ಸವರಿ, "ಇರಲಿ ಬಿಡು, ನೀ ಏನ ಮಾಡ್ತಿ ಪಾಪ, ಚಂದಂಗ ಕುಂತಿದ್ದಿ," ಎಂದು ಆ ತತ್ತಿಗಳನ್ನು ತಿಪ್ಪೆಗೆ ಹಾಕಲು ಎದ್ದರು.

"ಅತ್ತೀ," ಎಂದಳು ನೆಗೆಣ್ಣಿ. ನನ್ನ ಪಕ್ಕದಲ್ಲೇ ನಿಂತಿದ್ದಳು. "ಕೋಳಿಗೆ ಬೈರಿ."

"ಯಾಕ ಬೈಲೆ?"

"ಅದರ ಹೊಟ್ಟಿ ಕೆಳಗ ಕತ್ತರಿ ಇತ್ತು. ಅದಕ್ಕ ತತ್ತಿ ಕೆಟ್ಟಾವ."

"ಹುಚ್ಚದೀಯೇನ? ಹಂಗಾರ ಇವು ಇಷ್ಟು ಮರಿ ಹೆಂಗ..." ಅತ್ತೆಯ ಮಾತು ಅಲ್ಲೇ ನಿಂತಿತು. ಒಂದು ಕೈಯಲ್ಲಿ ಕೆಟ್ಟ ತತ್ತಿ, ಎದುರಿಗೆ ಮೊರದ ತುಂಬ ಮರಿ. ಸೊಸೆಯ ಮುಖ ನೋಡಿದರು, ಬುಟ್ಟಿ ನೋಡಿದರು. ನಾನು ಬಾಯಿ ತೆರೆಯಲಿಲ್ಲ. ನನ್ನ ಇಡೀ ಜನ್ಮದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ ಇರಬೇಕು.

ನೆಗೆಣ್ಣಿ ಬಗ್ಗಿ ಬುಟ್ಟಿಯೊಳಗೆ ಕೈ ಹಾಕಿದಳು. ಕೋಳಿ ಅವಳ ಕೈಯನ್ನು ಕುಕ್ಕಿತು, ಅವಳು ಬಿಡಲಿಲ್ಲ. ಹೊಟ್ಟು, ಪುಚ್ಚ, ಹಿಕ್ಕೆ ಮೆತ್ತಿದ್ದ ಕತ್ತರಿಯನ್ನು ಹೊರಗೆ ತೆಗೆದು ಹಿಡಿಕೆಯಲ್ಲಿ ಬೆರಳು ತೂರಿಸಿದಳು. ಬಿಗಿದುಕೊಂಡಿತ್ತು. ಬಲ ಹಾಕಿ ಬಾಯಿ ತೆರೆಸಿದಳು.

ಅತ್ತೆ ಹತ್ತಿರ ಬಂದು ಕತ್ತರಿಯ ಬಾಯಿ ನೋಡಿದರು. "ತುಕ್ಕ ಹಿಡದೈತಿ. ಬೂದಿ ಹಾಕಿ ತಿಕ್ಕು, ಆಮ್ಯಾಲೆ ಎಣ್ಣಿ ಹಚ್ಚು."

ಆ ಮಧ್ಯಾಹ್ನ ಯಂತ್ರದ ಚಾದರ ಬಿಚ್ಚಿದೆವು. ಮೊದಲು ಹೊಲಿದದ್ದು ಅತ್ತೆಯ ಖಣದ ಕುಬಸ. ತೋಳು ಬಿಗಿಯಾಯಿತು ಎಂದು ಅವರು ಗೊಣಗಿದರು, ಉಸಿರು ಬಿಡ್ರಿ ಎಂದು ಅವಳು ಗದರಿದಳು.

ಇದನ್ನು ಬರೆಯುವ ಹೊತ್ತಿಗೆ ನೆಗೆಣ್ಣಿ ಮತ್ತೆ ಬಸುರಿ. ಎಳೆಯ ತಿಂಗಳು, ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ನಮ್ಮೆಲ್ಲರ ಜೀವವೂ ಕೈಯಲ್ಲಿದೆ, ನಾನು ಸುಳ್ಳು ಧೈರ್ಯ ತೋರಿಸುವುದಿಲ್ಲ. ಮುಂದೊಂದು ಗ್ರಹಣವೂ ಬರಲಿದೆಯಂತೆ. ಮೊನ್ನೆ ಎದುರುಮನೆಯ ಹೆಂಗಸು ಜಂಪರ್ ಇಸಿದುಕೊಳ್ಳಲು ಬಂದವಳು ಬಾಗಿಲಲ್ಲೇ ನಿಂತು, "ಗ್ರಹಣ ಹತ್ರ ಬಂತು, ಬಸುರಿ ಕೈಯಾಗ ಕತ್ತರಿ ಏನವಾ ಇದು, ದೊಡ್ಡವರು ಹೇಳಬಾರದ?" ಎಂದಳು. ಅತ್ತೆ ಕೆಳಗೆ ಕೂತು ಬಟ್ಟೆಯ ಚಿಂದಿ ಆರಿಸುತ್ತಿದ್ದರು. ತಲೆ ಎತ್ತಿ ಒಂದೇ ಏಟಿಗೆ ಹೇಳಿದರು, "ಈ ಕತ್ತರಿ ಮ್ಯಾಲೆ ಕುಂತು ನಮ್ಮ ಕೋಳಿ ಮೊರದ ತುಂಬ ಮರಿ ಮಾಡೇತಿ. ನಿನಗೇನ ಗೊತ್ತು, ಹೋಗು!"

ನಾನು ಕಲಿಸಬೇಕೆಂದದ್ದು ಇದಲ್ಲ. ಕೆಟ್ಟ ಕಬ್ಬಿಣ ಈಗ ಒಳ್ಳೆಯ ಕಬ್ಬಿಣವಾಗಿದೆ ಅಷ್ಟೆ, ನೀರಿನ ಒಂದು ಕೋಶದ ಕಥೆ ಅತ್ತೆಯ ಹತ್ತಿರಕ್ಕೂ ಹೋಗಿಲ್ಲ. ಅದನ್ನೂ ಒಂದು ದಿನ ಹೇಳಿಯೇ ತೀರುತ್ತೇನೆ. ಸದ್ಯಕ್ಕೆ ಎದುರುಮನೆಯವಳು ಜಂಪರ್ ಹಿಡಿದುಕೊಂಡು ತೆಪ್ಪಗೆ ಹೋದಳು.

ಅವಳು ಹೋದ ಮೇಲೆ ನೆಗೆಣ್ಣಿ ಬಟ್ಟೆಯ ಮೇಲೆ ಗೆರೆ ಎಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದಳು.

"ಅಕ್ಕಾ, ಈ ಕೂಸು ಉಳೀಲಿ ಅಂತ ದಿನಾ ಅನಕೋತೇನ್ರಿ. ಉಳೀಲಿಲ್ಲಂದ್ರ ಅಳತೇನಿ, ಭಾಳ ಅಳತೇನಿ. ಆದ್ರ ಕತ್ತರಿ ಮಾತ್ರ ಹೊಳ್ಳಿ ಕೊಡಂಗಿಲ್ಲ."